ಊರಿನ ಬೆಳಕು, ಊರಿನ ಲೆಕ್ಕ



ಸೌರಶಕ್ತಿಯ ಪಾಠದಲ್ಲಿ ಫಲಕದ ಚಿತ್ರ ಬರೆದು, ಸೂರ್ಯನ ಬೆಳಕು ಬರಿದಾಗದ ಸಂಪತ್ತೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಬೆಳಕು ಬರಿದಾಗದು, ನಿಜ. ಆದರೆ ಅದನ್ನು ರಾತ್ರಿಗೆ ಕೂಡಿಡುವ ಬ್ಯಾಟರಿಗೆ ಆಯುಷ್ಯವುಂಟು. ಬಿಹಾರದ ಜಹಾನಾಬಾದ್ ಜಿಲ್ಲೆಯ ಧರ್ನಾಯಿ ಗ್ರಾಮದ ಅನುಭವವು ಈ ಮಾತನ್ನು ಮನಗಾಣಿಸುತ್ತದೆ.

ಸುಮಾರು ಮೂರು ದಶಕ ವಿದ್ಯುತ್ತಿಲ್ಲದೆ ಕಳೆದ ಆ ಊರಿನಲ್ಲಿ 2014ರ ಜುಲೈನಲ್ಲಿ 100 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಕಿರುಜಾಲವು ಆರಂಭವಾಯಿತು. ಅದರಲ್ಲಿ 70 ಕಿಲೋವ್ಯಾಟ್ ಮನೆ, ಅಂಗಡಿ, ಬೀದಿದೀಪಗಳಿಗೆ. 30 ಕಿಲೋವ್ಯಾಟ್ ನೀರೆತ್ತುವ ಪಂಪುಗಳಿಗೆ. ಹಗಲಿನಲ್ಲಿ ಫಲಕಗಳು ಉತ್ಪಾದಿಸಿದ ವಿದ್ಯುತ್ತಿನಲ್ಲಿ ಉಳಿದುದನ್ನು ಬ್ಯಾಟರಿ ಸಂಗ್ರಹಿಸುತ್ತಿತ್ತು. ಇನ್ವರ್ಟರ್ ಅದನ್ನು ಪರ್ಯಾಯ ಪ್ರವಾಹವಾಗಿ ಮಾರ್ಪಡಿಸಿ ಮನೆಗಳಿಗೆ ಕಳುಹಿಸುತ್ತಿತ್ತು. ಸಂಜೆಯ ಮೇಲೆ ಮಕ್ಕಳ ಓದು, ಅಂಗಡಿಗಳ ವ್ಯಾಪಾರ ಸಾಧ್ಯವಾದವು.

ಆದರೆ ಹಂಚಿಕೆಗೆ ಮಿತಿಯಿತ್ತು. 70 ಕಿಲೋವ್ಯಾಟ್ಟನ್ನು ಅಲ್ಲಿನ ಸುಮಾರು 450 ಮನೆಗಳಿಗಷ್ಟೇ ಹಂಚಿದರೂ ಮನೆಯೊಂದಕ್ಕೆ ದೊರೆಯುವುದು ಸುಮಾರು 155 ವ್ಯಾಟ್. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯೊಂದು ಆರು ಮನೆಗಳ ಪಾಲಿಗಿಂತ ಹೆಚ್ಚನ್ನು ಕಬಳಿಸುತ್ತದೆ. ಆದ್ದರಿಂದಲೇ ಶೀತಕಪೆಟ್ಟಿಗೆಯಂತಹ ಉಪಕರಣಗಳನ್ನು ಬಳಸಬಾರದೆಂಬ ಸೂಚನೆಯಿತ್ತು. ಗ್ರಾಮಸ್ಥರು ‘ನಿಜವಾದ ವಿದ್ಯುತ್ತು’ ಬೇಕೆಂದು ಕೇಳಿದರು. ಆ ಬೇಡಿಕೆಯನ್ನು ಅಜ್ಞಾನವೆನ್ನಲಾಗದು. ದೀಪ ಕಂಡವರು ಯಂತ್ರವನ್ನೂ ಬಯಸುವುದು ನ್ಯಾಯವೇ.

ಬಳಿಕ ಸರ್ಕಾರಿ ವಿದ್ಯುತ್ ಜಾಲವು ಅಗ್ಗದ ದರದೊಡನೆ ಊರನ್ನು ತಲುಪಿತು. ಕಿರುಜಾಲದ ಬಳಕೆದಾರರು ಕಡಿಮೆಯಾದರು. ಕೆಲವೇ ವರ್ಷಗಳಲ್ಲಿ ಬ್ಯಾಟರಿಗಳು ಸವೆದವು, ಅವುಗಳನ್ನು ಬದಲಾಯಿಸಲಿಲ್ಲ. 2021ರ ಹೊತ್ತಿಗೆ ಸ್ಥಾವರವು ಸ್ತಬ್ಧವಾಗಿ, ಅದರ ಕಟ್ಟಡವು ದನ ಕಟ್ಟುವ ತಾಣವಾಗಿತ್ತು.

ಸೌರಫಲಕವು ಸುಮಾರು 25 ವರ್ಷ ಬಾಳುತ್ತದೆ. ಸೀಸ-ಆಮ್ಲ ಬ್ಯಾಟರಿಯ ಬಾಳಿಕೆ ಸಾಮಾನ್ಯವಾಗಿ ನಾಲ್ಕೈದು ವರ್ಷ. ಪ್ರತಿದಿನವೂ ಅದನ್ನು ಪೂರ್ತಿ ಬರಿದುಮಾಡಿದರೆ ಆಯುಷ್ಯ ಇನ್ನೂ ಕುಗ್ಗುತ್ತದೆ. ಅಂದರೆ ಒಂದು ಫಲಕದ ಜೀವಿತಕಾಲದಲ್ಲಿ ಬ್ಯಾಟರಿಯನ್ನು ನಾಲ್ಕೈದು ಬಾರಿಯಾದರೂ ಬದಲಾಯಿಸಬೇಕು. ಆ ಹಣವನ್ನು ಮೊದಲ ತಿಂಗಳಿನಿಂದಲೇ ಕೂಡಿಡುವ ಏರ್ಪಾಡಿಲ್ಲದಿದ್ದರೆ ಉದ್ಘಾಟನೆಯ ಹಬ್ಬವಷ್ಟೇ ಉಳಿಯುತ್ತದೆ.

ಈ ವಿಷಯವನ್ನು ವಿಜ್ಞಾನದೊಡನೆ ಗಣಿತಕ್ಕೂ ಸಮಾಜಪಾಠಕ್ಕೂ ಜೋಡಿಸಬಹುದು. ವಿದ್ಯಾರ್ಥಿಗಳು ತಮ್ಮ ಮನೆಯ ದೀಪ, ಫ್ಯಾನು, ಮಿಕ್ಸಿಗಳ ಮೇಲೆ ಮುದ್ರಿತವಾದ ವ್ಯಾಟುಗಳನ್ನು ಬರೆದುತಂದು, 155 ವ್ಯಾಟಿನಲ್ಲಿ ಏಕಕಾಲಕ್ಕೆ ಯಾವುವನ್ನು ನಡೆಸಬಹುದೆಂದು ಲೆಕ್ಕಹಾಕಲಿ. ಅನಂತರ ಎರಡು ಪ್ರಶ್ನೆಗಳನ್ನು ಅವರ ಮುಂದಿಡಬೇಕು: ಯಾರ ಪಾಲನ್ನು ಎಷ್ಟೆಂದು ಊರಿನಲ್ಲಿ ಯಾರು ನಿರ್ಧರಿಸಬೇಕು? ಬ್ಯಾಟರಿ ಸವೆದ ದಿನ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆಗಳನ್ನು ಕೇಳಲು ಕಲಿತ ಮಕ್ಕಳು ನಾಳೆ ತಮ್ಮ ಊರಿನ ಸಭೆಯಲ್ಲಿಯೂ ಅವನ್ನು ಕೇಳಿಯಾರು.