ಹವಳದ್ವೀಪದಲ್ಲಿ ಕಸದ ಲೆಕ್ಕ



ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯ ಆಚೀಚೆ ಹರಡಿರುವ ಒಂದು ದೇಶದ ಹೆಸರನ್ನು ನೀವು ಭೂಪಟದಲ್ಲಿ ಕಿರಿಬಾಟಿ ಎಂದು ಓದಿರಬಹುದು. ಅಲ್ಲಿನವರು ಅದನ್ನು ಕಿರಿಬಾಸ್ ಎನ್ನುತ್ತಾರೆ. ಇದು 33 ದ್ವೀಪಗಳ ನಾಡು. ಎಲ್ಲವನ್ನೂ ಸೇರಿಸಿದರೂ ನೆಲ ಸುಮಾರು 811 ಚದರ ಕಿಲೋಮೀಟರು ಮಾತ್ರ. ಅವು ಚದುರಿರುವ ಕಡಲಿನ ವಿಸ್ತಾರವಾದರೋ ಸುಮಾರು 35 ಲಕ್ಷ ಚದರ ಕಿಲೋಮೀಟರು! ರಾಜಧಾನಿ ದಕ್ಷಿಣ ತರಾವಾದಲ್ಲಿ ಸುಮಾರು 16 ಚದರ ಕಿಲೋಮೀಟರು ನೆಲದ ಮೇಲೆ 60 ಸಾವಿರಕ್ಕೂ ಹೆಚ್ಚು ಜನ ಬದುಕುತ್ತಿದ್ದಾರೆ.

ಇಂಥ ಕಡೆ ಕಸವನ್ನು ಎಲ್ಲಿ ಹಾಕುವುದು? ಊರ ಹೊರಗೆ ಎಂಬ ಜಾಗವೇ ಅಲ್ಲಿಲ್ಲ. ಒಂದು ಪಕ್ಕ ತೆರೆದ ಸಮುದ್ರ, ಇನ್ನೊಂದು ಪಕ್ಕ ದ್ವೀಪಗಳ ಸಾಲು ಬಳಸಿ ನಿಂತ ಕಡಲಕೊಳ. ಗುಂಡಿ ತೋಡೋಣವೆಂದರೆ ಸ್ವಲ್ಪ ಆಳದಲ್ಲೇ ನೀರು. ಮಳೆಯ ಸಿಹಿನೀರು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ಮಸೂರದ ಆಕಾರದಲ್ಲಿ ತೇಲಿಕೊಂಡಿರುತ್ತದೆ. ಬಾವಿಗಳಲ್ಲಿ ಸಿಗುವುದು ಇದೇ ನೀರು. ಹಿತ್ತಿಲಿಗೆ ಎಸೆದ ಹಳೆಯ ಬ್ಯಾಟರಿಯ ಸೀಸ, ಆಮ್ಲಗಳು ಇಳಿಯುವುದೂ ಇದರೊಳಕ್ಕೇ.

ಹಿಂದಿನವರಿಗೆ ಈ ಚಿಂತೆ ಇರಲಿಲ್ಲ. ಎಲೆ, ಸೊಪ್ಪು ಕೊಳೆತು, 'ಬಾಬೈ' ಎಂಬ ದೊಡ್ಡ ಕೆಸುವಿನ ಗಡ್ಡೆ ಬೆಳೆಯುವ ಹೊಂಡಗಳಿಗೆ ಗೊಬ್ಬರವಾಗುತ್ತಿದ್ದವು. ತಗಡಿನ ಡಬ್ಬಿ, ಪ್ಲಾಸ್ಟಿಕ್ ಬಾಟಲಿ ಬಂದದ್ದು ಹಡಗಿನಲ್ಲಿ. ಇಲ್ಲೊಂದು ಸ್ವಾರಸ್ಯವಿದೆ. ಕೊಳೆಯದ ಕಸವೆಲ್ಲ ಬಹುಪಾಲು ಬಂದರಿನ ಮೂಲಕವೇ ಬರಬೇಕಾದ್ದರಿಂದ, ಸುಂಕದ ಕಚೇರಿಯ ಆಮದು ಪಟ್ಟಿಯನ್ನು ನಾಳಿನ ಕಸದ ಪಟ್ಟಿಯೆಂದೇ ಓದಬಹುದು!

ಕಿರಿಬಾಸಿನವರು ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡರು. 2004ರಲ್ಲಿ ಅವರೊಂದು ಕಾನೂನು ಮಾಡಿದರು. ಅದರ ಆಧಾರದ ಮೇಲೆ ನಡೆದ ಯೋಜನೆಗೆ 'ಕಾವೊಕಿ ಮಾಂಗೆ' ಎಂದು ಹೆಸರು. ಕಸವನ್ನು ಹಿಂದಕ್ಕೆ ಕಳಿಸಿ ಎಂದು ಅರ್ಥ. ಪಾನೀಯದ ಒಂದೊಂದು ಡಬ್ಬಿಗೂ ಬಾಟಲಿಗೂ ಆಮದಿನ ಹೊತ್ತಿನಲ್ಲೇ 5 ಸೆಂಟ್ ಠೇವಣಿ. ಖಾಲಿಯಾದದ್ದನ್ನು ತಂದುಕೊಟ್ಟವರಿಗೆ 4 ಸೆಂಟ್ ವಾಪಸು. ಉಳಿದ ಒಂದು ಸೆಂಟ್ ಯೋಜನೆಯ ಖರ್ಚಿಗೆ. ಡಬ್ಬಿಗಳನ್ನು ಯಂತ್ರದಲ್ಲಿ ಒತ್ತಿ, ಕಟ್ಟುಕಟ್ಟಿ, ಹಡಗಿನಲ್ಲಿ ಹೊರದೇಶಕ್ಕೆ ಕಳಿಸುತ್ತಾರೆ. ವಾಹನಗಳ ಬ್ಯಾಟರಿಗೂ ಇಂಥದೇ ಠೇವಣಿಯಿದೆ.

ಈ ಚಿಲ್ಲರೆ ಕಾಸು ಡಬ್ಬಿಗಳನ್ನು ಹೆಕ್ಕಿಸುವುದಲ್ಲದೆ ಅವುಗಳ ಲೆಕ್ಕವನ್ನೂ ಇಡುತ್ತದೆ. ಬಂದದ್ದೆಷ್ಟು ಎಂಬುದು ಸುಂಕದ ಪುಸ್ತಕದಲ್ಲಿ, ಮರಳಿದ್ದೆಷ್ಟು ಎಂಬುದು ಪಾವತಿಯ ಪುಸ್ತಕದಲ್ಲಿ. ಒಂದರಿಂದೊಂದನ್ನು ಕಳೆದರೆ, ಅಂಗಡಿಯಲ್ಲೋ ಮನೆಯಲ್ಲೋ ಕಡಲಕೊಳದ ತಳದಲ್ಲೋ ಇನ್ನೂ ಉಳಿದಿರುವುದರ ಅಂದಾಜು ಸಿಗುತ್ತದೆ. ಎಷ್ಟೋ ದೊಡ್ಡ ಯೋಜನೆಗಳಿಗೆ ಇಷ್ಟು ಸರಳವಾದ ಲೆಕ್ಕ ದೊರೆಯದು.

ಆದರೆ ಠೇವಣಿ ಇಲ್ಲದ ವಸ್ತುಗಳ ಗತಿ? ಮಕ್ಕಳಿಗೆ ಒಮ್ಮೆ ಕಟ್ಟಿ ಎಸೆಯುವ ಡೈಪರು, ಕೆಟ್ಟ ರೆಫ್ರಿಜರೇಟರು, ತಿಂಡಿಯ ಪೊಟ್ಟಣ—ಇವನ್ನು ಮರಳಿ ತರುವವರಿಲ್ಲ. ಇವುಗಳ ಪ್ರಮಾಣ ತಿಳಿಯಬೇಕಾದರೆ ಮೈಮುರಿದು ದುಡಿಯಬೇಕು. ಆಯ್ದ ಮನೆಗಳ ಕಸದ ಚೀಲಗಳನ್ನು ಟಾರ್ಪಾಲಿನ ಮೇಲೆ ಸುರಿದು, ಬಗೆಬಗೆಯಾಗಿ ವಿಂಗಡಿಸಿ, ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಬೇಕು. ಮೂಗು ಮುಚ್ಚಿಕೊಂಡು ಮಾಡುವ ಈ ವಿಜ್ಞಾನಕ್ಕೆ ಬಹುಮಾನಗಳು ಬಂದದ್ದು ಕಡಿಮೆ. ಹಾಗೆ ಬರೆದ ಅಂಕಿಗಳೂ ಬಹಳ ಕಾಲ ಯಾವುದೋ ವರದಿಯಲ್ಲಿ, ಯಾರದೋ ಕಂಪ್ಯೂಟರಿನಲ್ಲಿ ಉಳಿದು, ಅಧಿಕಾರಿ ಬದಲಾದೊಡನೆ ಕಳೆದುಹೋಗುತ್ತಿದ್ದವು. ಸಮೋವಾದ ಆಪಿಯಾದಲ್ಲಿ ಕೇಂದ್ರ ಕಚೇರಿಯಿರುವ ಪೆಸಿಫಿಕ್ ಪ್ರಾದೇಶಿಕ ಪರಿಸರ ಸಂಸ್ಥೆಯು 14 ದ್ವೀಪರಾಷ್ಟ್ರಗಳಿಗೆ ಪರಿಸರ ಮಾಹಿತಿಯ ಸಾರ್ವಜನಿಕ ಕಣಜಗಳನ್ನು ಕಟ್ಟಿಕೊಟ್ಟದ್ದು ಇದೇ ಕಾರಣಕ್ಕೆ. ಇಂದು ತರಾವಾದ ಶಾಲಾ ವಿದ್ಯಾರ್ಥಿಯೂ ಅಂತರ್ಜಾಲದಲ್ಲಿ ಅದನ್ನು ತೆರೆದು, ತನ್ನ ದೇಶದ ಅಂಕಿಗಳನ್ನು ನೆರೆಯ ದ್ವೀಪದ ಅಂಕಿಗಳೊಡನೆ ಹೋಲಿಸಿ ನೋಡಬಹುದು.