ಕೊನೇ ಸಿಗರೇಟು, ಹದಿನೇಳನೇ ಸಲ

ಇಯರ್‌ಫೋನ್ ಹಾಕ್ಕೊಂಡು ಡಬ್ಬಾ ಅಂಗಡಿ ಮುಂದೆ ನಿಂತು ಇದನ್ನ ಕೇಳ್ತಿದ್ದೀರಾ? ಕೈಯಲ್ಲಿರೋದನ್ನ ಬಚ್ಚಿಡಬೇಡಿ, ನಾನು ಬೈಯೋಕೆ ಬಂದಿಲ್ಲ. ಒಂಬತ್ತು ವರ್ಷ ಸೇದಿದವನಿಗೆ ಬೈಯೋ ಯೋಗ್ಯತೆ ಎಲ್ಲಿಂದ ಬರಬೇಕು?

ನಮ್ಮೂರು ಹಲಕುಂದಿ, ಬಳ್ಳಾರಿ ಪಕ್ಕದಲ್ಲೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಸೀಮೆ. ಅಂಥ ಬಿಸಿಲಲ್ಲಿ ಬಾಯಲ್ಲೂ ಬೆಂಕಿ ಇಟ್ಕೊಂಡು ಓಡಾಡ್ತಿದ್ದೆ. ಅದಕ್ಕೊಂದು ನೆಪ ಬೇರೆ: "ಸುತ್ತ ಕಬ್ಬಿಣದ ಕಾರ್ಖಾನೆ, ಅದಿರು ಲಾರಿ ಧೂಳು. ಹೆಂಗಿದ್ರೂ ಹೊಗೆ ಕುಡೀತೀವಿ, ಇದೊಂದು ಯಾವ ಲೆಕ್ಕ?" ನನ್ನ ಗೆಳೆಯ ಒಂದಿನ ಅಂದ, "ಲೇ, ಚಿಮಣಿಗಾದ್ರೂ ಮಾಲಿನ್ಯ ಮಂಡಳಿ ಐತಿ. ನಿನ್ ಮೂಗಿಗೆ ಯಾವ ಮಂಡಳಿ ಐತಿ?" ಹಂಗಂದವನ ಬಾಯಲ್ಲೂ ಒಂದು ಉರೀತಿತ್ತು, ಅದು ಬೇರೆ ಮಾತು.

ದುಡ್ಡಿನ ಲೆಕ್ಕ ಕೇಳಿ. ದಿನಕ್ಕೆ 8, ಒಂದಕ್ಕೆ 18 ರೂಪಾಯಿ. ವರ್ಷಕ್ಕೆ 52,560. ಅಂದ್ರೆ ವರ್ಷಕ್ಕೊಂದು ಒಳ್ಳೇ ಫೋನನ್ನ ಸುಟ್ಟು ಬೂದಿ ಕೊಡವುತ್ತಿದ್ದೆ, ಇನ್ನೊಂದು ಕೈಯಲ್ಲಿ ಸ್ಕ್ರೀನ್ ಒಡೆದ ಫೋನ್ ಹಿಡ್ಕೊಂಡು. ಈಗ ಕರ್ನಾಟಕದಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 1,000 ರೂಪಾಯಿವರೆಗೆ ಏರಿದೆ. ಸಿಕ್ಕಿಬಿದ್ರೆ ಅದೇ 18 ರೂಪಾಯಿ ಸಿಗರೇಟು 1,018 ಆಗುತ್ತೆ.

ಬಿಡೋ ಪ್ರಯತ್ನ ಮಾಡಲಿಲ್ಲ ಅನ್ಕೋಬೇಡಿ. ಯುಗಾದಿಗೆ ಬಿಟ್ಟೆ, ಹುಟ್ಟುಹಬ್ಬಕ್ಕೆ ಬಿಟ್ಟೆ, ಪ್ರತಿ ಸೋಮವಾರ ಬಿಟ್ಟೆ. ಒಂದೊಂದು ಸಲಕ್ಕೂ ಒಂದು 'ಕೊನೇ ಸಿಗರೇಟು'. ಆಮೇಲೆ ಕೊಂಡು ಸೇದೋದು ಬಿಟ್ಟು, ಕೇಳಿ ಸೇದೋದು ಶುರು ಮಾಡಿದೆ. ಆಗ ಬಿಟ್ಟಿದ್ದು ಸಿಗರೇಟಲ್ಲ, ನನ್ನನ್ನ ನನ್ನ ಗೆಳೆಯರು. ನಾನೊಬ್ಬನೇ ಅಲ್ಲ ಬಿಡಿ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಸೇದೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಡೋ ಯೋಚನೆ ಇದೆ ಅಂದಿದ್ರು. ಎಲ್ಲರದ್ದೂ ಅದೇ ಸೋಮವಾರ ಇರಬೇಕು.

ನಿಜವಾಗಿ ಬಿಡಿಸಿದ್ದು ನಮ್ಮ ತಾತ. ನಲವತ್ತು ವರ್ಷ ಬೀಡಿ ಸೇದಿದ ಮನುಷ್ಯ. ಡಾಕ್ಟರು ಸಿಒಪಿಡಿ ಅಂದ್ರು. ಶ್ವಾಸನಾಳ ಕಿರಿದಾಗಿ, ಎಳೆದ ಗಾಳಿ ಹೊರಗೆ ಹೋಗೋಕೇ ಒದ್ದಾಡೋ ಕಾಯಿಲೆ. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂಗೆ ಆಗಲ್ಲ. ಮಂಚದ ಪಕ್ಕ ಆಕ್ಸಿಜನ್ ಮಷೀನು, ಮೂಗಿಗೆ ನಳಿಕೆ. ಅದರ ಹತ್ರ ಕಡ್ಡಿ ಗೀರಿದ್ರೆ ಅಪಾಯ ಅಂತ ಅಮ್ಮ ಬೆಂಕಿಪೊಟ್ಟಣ ಬಚ್ಚಿಟ್ಟಿದ್ಲು.

ನಾನು ಸೇದೋದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ. ಒಳಗೆ ಬರೋ ಮುಂಚೆ ಬಾಯಿಗೆ ಸೋಂಪು, ಅಂಗಿಗೆ ಸೆಂಟು. ದಿನಾ ಸಂಜೆ ತಾತ ಕರೆಯೋನು: "ಬಾರಲೇ, ಹತ್ರ ಕುಂದ್ರು." ಮೊಮ್ಮಗನ ಮೇಲೆ ಎಷ್ಟು ಪ್ರೀತಿ ಅಂತ ಅಮ್ಮನಿಗೆ ಖುಷಿ. ಒಂದಿನ ಸ್ನಾನ ಮಾಡಿ, ಒಗೆದ ಅಂಗಿ ಹಾಕ್ಕೊಂಡು ಕೂತೆ. ತಾತ ಮೂಗೆಳೆದ. ಮುಖ ಬಾಡಿತು. ಮೆಲ್ಲಗೆ ಕೇಳಿದ, "ಆ ನೀಲಿ ಅಂಗಿ ಎಲ್ಲಲೇ?"

ಆಗ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಉಸಿರಿಗೇ ಮಷೀನು ಬೇಕಾದ ಮನುಷ್ಯ ಇನ್ನೂ ಅದೇ ವಾಸನೆಗೆ ಕಾಯ್ತಿದ್ದಾನೆ. ಅದನ್ನ ದಿನಾ ಮನೆಗೆ ಹೊತ್ತು ತರ್ತಿರೋನು ನಾನು. ಬೇಕಾದಾಗ ಬಿಡ್ತೀನಿ ಅಂತ ನಾನು ಹೇಳ್ತಿದ್ನಲ್ಲ, ತಾತನೂ ನಲವತ್ತು ವರ್ಷ ಅದನ್ನೇ ಹೇಳಿದ್ದ.

ಮಾರನೇ ದಿನ 1800-11-2356ಕ್ಕೆ ಫೋನ್ ಮಾಡಿದೆ. ತಂಬಾಕು ಬಿಡೋರಿಗಿರೋ ಉಚಿತ ಸಹಾಯವಾಣಿ. ನಮ್ಮ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡ್ತಾರೆ. ಈ ನಂಬರ್ ಪ್ಯಾಕಿನ ಮೇಲೇ ಇರುತ್ತೆ. ಒಂದೊಂದೇ ಕೊಳ್ಳೋ ನನಗೆ ಪ್ಯಾಕೇ ಕಾಣ್ತಿರಲಿಲ್ಲ. ಸಿಗರೇಟು ನನಗೆ, ಎಚ್ಚರಿಕೆ ಅಂಗಡಿಯವನಿಗೆ.

ಕಲಿತದ್ದು ಇಷ್ಟು. ಸೇದಬೇಕು ಅನ್ನೋ ಚಪಲ ಒಂದು ಸಲಕ್ಕೆ ಸಾಮಾನ್ಯವಾಗಿ ಕೆಲವೇ ನಿಮಿಷ. ಅಷ್ಟೊತ್ತು ನೀರು ಕುಡಿ, ನಡಿ, ಕಡ್ಲೆ ತಿನ್ನು. ಎರಡು, ಮೂರನೇ ದಿನ ಬಲು ಕಷ್ಟ. ಆ ಮೂರು ದಿನ ನಾನು ಫ್ಯಾನಿನ ಜೊತೆಗೂ ಜಗಳಾಡಿದೀನಿ. ಕಡ್ಲೆ ಸಾಲದೆ ಮಂಡಕ್ಕಿ-ಮಿರ್ಚಿಗೆ ಇಳಿದು ನಾಲ್ಕು ಕೆಜಿ ಏರಿದೆ. ಮಧ್ಯದಲ್ಲಿ ಒಂದ್ಸಲ, ಒಂದು ಮದುವೇಲಿ, ಜಾರಿದ್ದೂ ಉಂಟು. ಆದ್ರೆ ಮುಂದಿನ ಸೋಮವಾರಕ್ಕೆ ಕಾಯಲಿಲ್ಲ. ಅವತ್ತು ಸಂಜೆಯಿಂದಲೇ ಮತ್ತೆ ಬಿಟ್ಟೆ.

ಈಗ ಹದಿನಾಲ್ಕು ತಿಂಗಳಾಯ್ತು. ತಾತ ಹೋಗಿ ಒಂಬತ್ತು. ಕೊನೇ ದಿನಗಳಲ್ಲೂ ಸಂಜೆ ಕರೆಯೋನು, "ಹತ್ರ ಕುಂದ್ರು" ಅನ್ನೋನು. ಅಂಗೀಲಿ ಏನೂ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಆದ್ರೂ ಕೂರಿಸ್ಕೊಳ್ಳೋನು.

ಅಮ್ಮ ಹೇಳಿದ್ದೇ ಸರಿ ಇರಬೇಕು.

ಕೈಯಲ್ಲಿದ್ದದ್ದು ಇಷ್ಟೊತ್ತಿಗೆ ಮುಗಿದಿರಬೇಕು ಅಲ್ವಾ? ಮುಂದಿನದಕ್ಕೆ ಐದು ನಿಮಿಷ ತಡೀರಿ.