ದೇವರ ಮೀನು, ಊರಿನ ಹೊಣೆ



ವನ್ಯಜೀವಿಗಳ ಆರೈಕೆ ಎಂದ ಕೂಡಲೇ ಬೇಲಿ ಹಾಕಿದ ಜಾಗ, ಗೂಡು, ಮದ್ದು ಕೊಡುವ ವೈದ್ಯರು, ಹೊತ್ತಿಗೆ ಸರಿಯಾಗಿ ಆಹಾರ ನೀಡುವ ಪಾಲಕರು ನಮ್ಮ ಕಣ್ಣಮುಂದೆ ಬರುತ್ತಾರೆ. ಮಂಗಳೂರಿನ ಪಿಲಿಕುಳದಲ್ಲಿ ಅಂಥ ವ್ಯವಸ್ಥೆಯಿದೆ. ಆದರೆ ಸುಳ್ಯ, ಕಡಬ, ಪುತ್ತೂರು ಸೀಮೆಯ ಹೊಳೆಗಳಲ್ಲಿ ಬೇಲಿಯಾಗಲಿ ಗೂಡಾಗಲಿ ಇಲ್ಲದೆಯೇ ನಡೆದುಬಂದ ರಕ್ಷಣೆಯೊಂದಿದೆ. ಅಲ್ಲಿ ಕಾಪಾಡಲ್ಪಡುವ ಜೀವಿ ಮೀನು. ಕಾಯುವವರು ಊರವರು. ಇವತ್ತು ಆ ಮೀನುಗಳ ಬಗ್ಗೆ, ಅವುಗಳನ್ನು ಉಳಿಸಿದ ಜನರ ಬಗ್ಗೆ ಮಾತಾಡೋಣ.

ಸುಳ್ಯ ತಾಲೂಕಿನ ಅರಂತೋಡಿನಿಂದ ಒಳಗೆ ಹೋದರೆ ತೊಡಿಕಾನ ಸಿಗುತ್ತದೆ. ಅಲ್ಲಿನ ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರ ಹರಿಯುವ ಹೊಳೆಯ ಒಂದು ಭಾಗಕ್ಕೆ ಮತ್ಸ್ಯತೀರ್ಥವೆಂದು ಹೆಸರು. ದಡದಲ್ಲಿ ನಿಂತು ಒಂದು ಹಿಡಿ ಅಕ್ಕಿ ಎರಚಿದರೆ ಸಾಕು, ದೊಡ್ಡ ದೊಡ್ಡ ಮೀನುಗಳು ಮೈಗೆ ಮೈ ತಾಗಿಸಿಕೊಂಡು ಮೇಲೇಳುತ್ತವೆ. ಕುಮಾರಧಾರೆಯಲ್ಲೂ ಹೀಗೆಯೇ. ಸುಬ್ರಹ್ಮಣ್ಯದ ಸ್ನಾನಘಟ್ಟದಲ್ಲಿ, ಏನೆಕಲ್ಲಿನ ನಾಕೂರು ಗಯವೆಂಬ ಮಡುವಿನಲ್ಲಿ ಮೀನಿಗೆ ಯಾರೂ ಬಲೆ ಬೀಸುವುದಿಲ್ಲ, ಗಾಳ ಹಾಕುವುದಿಲ್ಲ. ಕುಮಾರಪರ್ವತದ ಕಡೆಯಿಂದ ಇಳಿದುಬರುವ ಈ ನದಿ ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ತೊಡಿಕಾನದ ನೀರು ಪಯಸ್ವಿನಿಗೆ ಸೇರಿ, ಕಾಸರಗೋಡಿನಲ್ಲಿ ಚಂದ್ರಗಿರಿಯೆನಿಸಿ ಕಡಲಿಗೆ ಹೋಗುತ್ತದೆ.

ಊರವರು ಇವನ್ನು ದೇವರ ಮೀನು ಎನ್ನುತ್ತಾರೆ. ಪೆರುವೊಲು ಎಂಬ ಹೆಸರೂ ಬಳಕೆಯಲ್ಲಿದೆ. ಜಗತ್ತಿಗೆ ಇದು ಮಹಸೀರ್. ವಿಜ್ಞಾನದ ಪುಸ್ತಕಗಳಲ್ಲಿ ಟಾರ್ ಖುದ್ರೀ ಎನ್ನುವ ಈ ಜಾತಿಯನ್ನು 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಪುಣೆಯ ಕಡೆಯ ಹೊಳೆಗಳಿಂದ ಮೊದಲು ವಿವರಿಸಿದರು. ಅಂಗೈಯಗಲ ಹುರುಪೆ, ದಪ್ಪ ತುಟಿ, ಹೊಳೆಯ ಸೆಳೆತಕ್ಕೆ ಎದುರಾಗಿ ಈಜುವ ಕಸುವು ಇದರ ಗುರುತು.

ಈ ಮೀನಿನ ಬದುಕು ತಿಳಿದರೆ ಹಿರಿಯರು ಕಾದ ಜಾಗಗಳ ಬೆಲೆ ತಿಳಿಯುತ್ತದೆ. ಮಹಸೀರಿಗೆ ತಿಳಿಯಾದ, ತಂಪಾದ, ಹರಿಯುವ ನೀರು ಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಅದು ಮೇಲ್ಮುಖವಾಗಿ ಸಣ್ಣ ತೊರೆಗಳ ಕಡೆ ಹತ್ತಿ, ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಡುತ್ತದೆ. ಆ ಜಲ್ಲಿಯ ಮೇಲೆ ಕೆಸರು ಕೂತರೆ ಮೊಟ್ಟೆಗೆ ಉಸಿರಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತುತ್ತಾ ಬಂದಾಗ ದೊಡ್ಡ ಮೀನುಗಳೆಲ್ಲ ಆಳದ ಮಡುಗಳಲ್ಲಿ ಒಟ್ಟಾಗುತ್ತವೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಅವುಗಳಿಗೆ ಬೇರೆ ದಾರಿಯೇ ಇರುವುದಿಲ್ಲ. ಒಂದು ಮಡುವಿಗೆ ಸಿಡಿಮದ್ದಿನ ತೋಟೆ ಹಾಕಿದರೆ, ವಿಷ ಬೆರೆಸಿದರೆ, ಮುಂದಿನ ಮಳೆಗೆ ಮೊಟ್ಟೆಯಿಡಬೇಕಾದ ತಾಯಿಮೀನುಗಳೆಲ್ಲ ಒಂದೇ ದಿನದಲ್ಲಿ ಮುಗಿಯುತ್ತವೆ. ದೇವಸ್ಥಾನದ ಬಳಿಯ ಮಡುಗಳು ಕಾಪಾಡಿದ್ದು ಈ ತಾಯಿಮೀನುಗಳನ್ನು, ಅದೂ ಅವು ತೀರಾ ನಿರುಪಾಯವಾಗಿರುವ ತಿಂಗಳುಗಳಲ್ಲಿ.

ತೋಟೆ ಮತ್ತು ವಿಷ ಹಾಕಿ ಮೀನು ಕೊಲ್ಲುವುದು ನಮ್ಮ ದೇಶದಲ್ಲಿ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ. ಆದರೂ ಕಾನೂನಿನ ಕಣ್ಣು ಪ್ರತಿಯೊಂದು ಮಡುವಿನ ಮೇಲೆ ಇರಲಾರದು. ಆ ಕೆಲಸ ಮಾಡುವುದು ದಡದ ಮನೆಯವರು. ಮೀನು ದೇವರದೆಂಬ ಈ ನಂಬಿಕೆ ಎಷ್ಟು ಗಟ್ಟಿಯೋ ಅಷ್ಟೇ ನಾಜೂಕು ಕೂಡ. ಕಡಬಕ್ಕೆ ಹತ್ತಿರದ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ಹೊಳೆಯ ದಡದ ಶಿಶಿಲೇಶ್ವರ ದೇವಸ್ಥಾನದ ಬಳಿ, 1996ರಲ್ಲಿ ಕಿಡಿಗೇಡಿಗಳು ನೀರಿಗೆ ವಿಷ ಹಾಕಿದರು. ರಾಶಿ ರಾಶಿ ಮೀನು ಸತ್ತು ತೇಲಿತು. ಊರವರು ಅವುಗಳ ನೆನಪಿಗೆ ಮತ್ಸ್ಯಸ್ಮಾರಕ ನಿಲ್ಲಿಸಿದರು. ಮೀನಿಗೆ ಸ್ಮಾರಕ ಕಟ್ಟಿದ ಊರು ನಮ್ಮ ಜಿಲ್ಲೆಯಲ್ಲಿದೆ ಎಂಬುದು ನಮಗೆ ಹೆಮ್ಮೆ. ಅದನ್ನು ಕಟ್ಟಬೇಕಾಗಿ ಬಂತು ಎಂಬುದು ನೋವು.

ಈಗ ಆರೈಕೆಯ ವಿಷಯಕ್ಕೆ ಬರುತ್ತೇನೆ. ಮೀನಿಗೆ ಆಹಾರ ಹಾಕುವುದು ಭಕ್ತರಿಗೆ ಹರಕೆ, ಮಕ್ಕಳಿಗೆ ಸಂತೋಷ. ಅದನ್ನು ಬೇಡವೆನ್ನಲಾರೆ, ಆ ಒಂದು ಹಿಡಿ ಅಕ್ಕಿಯಿಂದಲೇ ಎಷ್ಟೋ ಮಕ್ಕಳಿಗೆ ಹೊಳೆಯ ಜೀವದ ಮೇಲೆ ಪ್ರೀತಿ ಹುಟ್ಟಿದೆ. ಆದರೆ ಮಹಸೀರಿನ ಸಹಜ ಆಹಾರ ಬೇರೆ. ದಡದ ಅತ್ತಿ, ನೇರಳೆ ಮರಗಳಿಂದ ನೀರಿಗೆ ಬೀಳುವ ಹಣ್ಣು, ಹುಳುಹುಪ್ಪಟೆ, ಬಸವನಹುಳು, ಕಲ್ಲಿಗಂಟಿದ ಪಾಚಿ, ಇವುಗಳ ಮೇಲೆ ಅದು ಬದುಕುತ್ತದೆ. ರಜೆಯ ದಿನಗಳಲ್ಲಿ ಜನ ಸಾಲುಗಟ್ಟಿ ಬಂದು ಚೀಲಗಟ್ಟಲೆ ಮಂಡಕ್ಕಿ ಸುರಿದಾಗ ಮೀನು ತಿಂದು ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಯುವ ವಸ್ತು ನೀರಿನ ಆಮ್ಲಜನಕವನ್ನು ಹೀರುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಹೊಳೆಯ ಹರಿವು ನಿಂತೇಹೋದ ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಭಕ್ತಿಯೇ ಮೀನಿಗೆ ಉಸಿರುಗಟ್ಟಿಸಬಹುದು. ಹಾಗಾಗಿ ಹಿಡಿಯಷ್ಟು ಹಾಕಿ, ಮೀನು ತಿನ್ನುವುದು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ಪ್ಲಾಸ್ಟಿಕ್ ತೊಟ್ಟೆಯನ್ನು ನಿಮ್ಮ ಜೊತೆಗೇ ಒಯ್ಯಿರಿ. ಕುಮಾರಧಾರೆಯಲ್ಲಿ ಮೀಯುವವರು ಸಾಬೂನು ಹಚ್ಚಬೇಡಿ, ಉಟ್ಟ ಬಟ್ಟೆಯನ್ನು ನೀರಿಗೆ ಬಿಡಬೇಡಿ.

ಕೃಷಿಕ ಬಂಧುಗಳಿಗೂ ಒಂದು ಮಾತು. ಸುಳ್ಯ, ಕಡಬ, ಪುತ್ತೂರು ತಾಲೂಕುಗಳ ಬದುಕು ಅಡಿಕೆಯ ಮೇಲೆ ನಿಂತಿದೆ. ಕೊಳೆರೋಗ ತಡೆಯಲು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯದೆ ನಮಗೆ ಗತಿಯಿಲ್ಲ. ಮೈಲುತುತ್ತದಲ್ಲಿರುವುದು ತಾಮ್ರ. ನೀರಲ್ಲಿ ಕರಗಿದ ತಾಮ್ರ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ಮದ್ದು ಬಿಟ್ಟ ಮೇಲೆ ಡ್ರಮ್ಮು, ಪಂಪುಗಳನ್ನು ತೋಡಿನಲ್ಲಿ ತೊಳೆಯುವ ಬದಲು ತೋಟದೊಳಗೇ ತೊಳೆದರೆ, ಉಳಿದ ದ್ರಾವಣವನ್ನು ಹೊಳೆಗೆ ಚೆಲ್ಲದಿದ್ದರೆ, ಖರ್ಚಿಲ್ಲದೆ ದೊಡ್ಡ ಉಪಕಾರವಾಗುತ್ತದೆ.

ಇನ್ನೊಂದು ವಿಷಯ ಮೀನಿನ ದಾರಿ. ನಮ್ಮ ಹಿರಿಯರು ಮಳೆ ಕಳೆದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರ ಸೇರಿಸಿ ಹೊಳೆಗೆ ಕಟ್ಟ ಕಟ್ಟುತ್ತಿದ್ದರು. ಮಳೆಗಾಲಕ್ಕೆ ಮುನ್ನ ಅದನ್ನು ಬಿಡಿಸುತ್ತಿದ್ದರು. ತೋಟಕ್ಕೆ ನೀರೂ ಸಿಕ್ಕಿತು, ಮೀನಿಗೆ ಹಾದಿಯೂ ಉಳಿಯಿತು. ಇಂದಿನ ಕಿಂಡಿ ಅಣೆಕಟ್ಟುಗಳ ಹಲಗೆಗಳನ್ನು ಮೊದಲ ನೆರೆಗಿಂತ ಮುಂಚೆ ತೆಗೆಯುವುದು ಅದೇ ಜಾಣ್ಮೆಯ ಮುಂದುವರಿಕೆ.

ಮೀನು ಕಡಿಮೆಯಾದರೆ ಮರಿ ತಂದು ಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಲೋಣಾವಳದಲ್ಲಿ 1970ರ ದಶಕದಿಂದ, ಕೊಡಗಿನ ಹಾರಂಗಿಯಲ್ಲೂ, ಮಹಸೀರ್ ಮರಿಗಳನ್ನು ಬೆಳೆಸುವ ಕೆಲಸ ನಡೆದಿದೆ. ಅದು ಉಪಯುಕ್ತ ವಿದ್ಯೆ. ಆದರೆ ಕಾವೇರಿ ನಮಗೊಂದು ಪಾಠ ಕಲಿಸಿದೆ. ಅಲ್ಲಿಗೆ ಹೊರಗಿನ ಖುದ್ರೀ ಮರಿಗಳನ್ನು ಬಿಟ್ಟ ನಂತರದ ವರ್ಷಗಳಲ್ಲಿ ಆ ನದಿಯದೇ ಆದ ಡುಬ್ಬದ ಮಹಸೀರ್ ಕ್ಷೀಣಿಸುತ್ತಾ ಬಂತು. 2018ರಲ್ಲಿ ಅದನ್ನು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಒಂದು ನದಿಯ ಮೀನು ಇನ್ನೊಂದು ನದಿಯ ಮೀನಿಗೆ ಬದಲಿಯಲ್ಲ. ತೊಡಿಕಾನ, ಏನೆಕಲ್ಲು, ಸುಬ್ರಹ್ಮಣ್ಯದ ಮಡುಗಳಲ್ಲಿ ಇರುವ ಮೀನನ್ನು ಇರುವಲ್ಲೇ ಉಳಿಸುವುದು ಅದಕ್ಕಾಗಿಯೇ ಮುಖ್ಯ.

ಕೇಳುಗರೇ, ಮಳೆಗಾಲದಲ್ಲಿ ದೇವರ ಮೀನು ದೇವಸ್ಥಾನದ ಗಡಿಯೊಳಗೆ ನಿಲ್ಲುವುದಿಲ್ಲ. ಅದು ನಮ್ಮ ತೋಟದ ಬದಿಯ ತೋಡಿಗೆ, ಸೇತುವೆಯ ಕೆಳಗಿನ ಹೊಳೆಗೆ ಬರುತ್ತದೆ. ದೇವಸ್ಥಾನದ ಮೆಟ್ಟಿಲಿನ ಬಳಿ ಕೈಮುಗಿದ ನಾವು, ಅದೇ ಮೀನು ನಮ್ಮ ಊರಿನ ಮಡುವಿಗೆ ಬಂದಾಗ ಬೇರೆ ಕಣ್ಣಿನಿಂದ ನೋಡಿದರೆ ಹಿರಿಯರು ಇಟ್ಟ ನಂಬಿಕೆ ಅರ್ಧಕ್ಕೇ ನಿಲ್ಲುತ್ತದೆ. ಪ್ರತಿಯೊಂದು ಗ್ರಾಮವೂ ತನ್ನ ಹೊಳೆಯ ಒಂದೇ ಒಂದು ಆಳದ ಮಡುವನ್ನು ಬೇಸಿಗೆಯ ಮೂರು ತಿಂಗಳು ಯಾರೂ ಮುಟ್ಟಬಾರದೆಂದು ನಿಶ್ಚಯಿಸಲಿ. ಗ್ರಾಮಸಭೆಯಲ್ಲಿ ಆ ಮಾತೆತ್ತಲು ದೊಡ್ಡ ಹಣವಾಗಲಿ, ಯೋಜನೆಯಾಗಲಿ ಬೇಡ. ಈ ಬೇಸಿಗೆಗೆ ಮುಂಚೆ ನಿಮ್ಮ ಊರಿನಲ್ಲಿ ಆ ಮಾತನ್ನು ನೀವೇ ಎತ್ತಿ.